ಗೋಡೆಗೆ ಕೊಟ್ಟ ಪಾಸ್

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕಪ್ ಗೆದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಾಯಿ ಬಡಿದುಕೊಳ್ಳುವುದು ಬೇಡ. ಕಾಲೇಜಿಗೆ ಐವತ್ತು ತುಂಬುತ್ತಿದೆ, ಸ್ಮರಣ ಸಂಚಿಕೆಗೆ ತಂಡದ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನಾನು ಇಲ್ಲಿನ ಪಿ.ಟಿ. ಮೇಷ್ಟ್ರು. ಅದಕ್ಕೂ ಮೊದಲು ಇದೇ ತಂಡದಲ್ಲಿ ಬಲಗಡೆಯ ವಿಂಗ್‌ನಲ್ಲಿ ಓಡಿದವನು. ಬರೆದುಕೊಟ್ಟೆ. ಮೂರನೇ ದಿನಕ್ಕೆ ಹಾಳೆ ವಾಪಸ್ ಬಂತು, ಒಂದು ಸಾಲಿನ ಮೇಲೆ ಕೆಂಪು ಶಾಯಿಯ ಗೀಟು ಎಳೆದಿತ್ತು.

ಗೀಟು ಎಳೆದವರು ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ನಾನು ಆಡುತ್ತಿದ್ದಾಗ ಅವರೇ ನಮ್ಮ ಕ್ಯಾಪ್ಟನ್.

ಆ ಸಾಲು ಅರ್ಥವಾಗಬೇಕಾದರೆ ನಮ್ಮ ಗೋಡೆಯ ವಿಷಯ ಗೊತ್ತಿರಬೇಕು. ಬಸವೇಶ್ವರನಗರಕ್ಕೂ ಕುರುಬರಹಳ್ಳಿಗೂ ನಡುವೆ ಇರುವ ನಮ್ಮ ಮೈದಾನ ಅಗಲದಲ್ಲಿ ಮೋಸ. ಬಲಗಡೆ ಗೆರೆ ಎಳೆಯಲು ಜಾಗವೇ ಇಲ್ಲ, ನೇರ ಕಾಂಪೌಂಡ್ ಗೋಡೆ. ಮೊಟ್ಟಮೊದಲ ತಂಡದ ಹುಡುಗರು ರಾಜಾಜಿನಗರದ ಕಾರ್ಖಾನೆ ಕೆಲಸಗಾರರ ಮಕ್ಕಳು, ಕ್ಯಾನ್ವಾಸ್ ಶೂಗಳಲ್ಲಿ ಆಡಿದವರು. ಅವರು ಒಂದು ನಿಯಮ ಮಾಡಿಕೊಂಡರು: ಗೋಡೆಗೆ ಬಡಿದ ಚೆಂಡು ಔಟ್ ಅಲ್ಲ, ಆಟ ಮುಂದುವರಿಯಬೇಕು. ಅಂದಿನಿಂದ ನಮ್ಮಲ್ಲಿ ಮೊದಲ ವರ್ಷದ ಹುಡುಗ ಲ್ಯಾಬ್ ಎಲ್ಲಿದೆ ಅಂತ ಕಲಿಯುವ ಮೊದಲೇ ಗೋಡೆ ಪಾಸ್ ಕಲಿಯುತ್ತಾನೆ. ಎದುರಾಳಿ ಅಡ್ಡ ಬಂದರೆ ಚೆಂಡನ್ನು ಗೋಡೆಗೆ ಒದೆಯಬೇಕು, ಅದು ಚಿಮ್ಮಿ ಬರುವ ಜಾಗಕ್ಕೆ ಜೊತೆಗಾರ ಮೊದಲೇ ಓಡಿರಬೇಕು. ಪ್ರತಿ ವರ್ಷ ಸೀಸನ್ನಿಗೆ ಮೊದಲು ಆ ಗೋಡೆಗೆ ಸುಣ್ಣ ಬಳಿಯುವುದು ಕ್ಯಾಪ್ಟನ್ ಕೆಲಸ, ಬೇರೆಯವರು ಬ್ರಷ್ ಮುಟ್ಟುವ ಹಾಗಿಲ್ಲ.

ಇಂಥ ಮೈದಾನದಲ್ಲಿ ಯಾವ ಕಾಲೇಜೂ ನಮ್ಮ ಜೊತೆ ಮ್ಯಾಚ್ ಆಡಲು ಒಪ್ಪುವುದಿಲ್ಲ. ಹಾಗಾಗಿ ಎಲ್ಲ ಪಂದ್ಯಗಳನ್ನೂ ನಾವು ಹೊರಗೆ, ಅಳತೆ ಪ್ರಕಾರ ಗೆರೆ ಎಳೆದ ಮೈದಾನಗಳಲ್ಲಿ ಆಡುತ್ತೇವೆ. ಅಲ್ಲಿ ಗೋಡೆ ಇರುವುದಿಲ್ಲ. ಅಯ್ಯೋ, ಅದು ನಮ್ಮ ಕಾಲುಗಳಿಗೆ ಗೊತ್ತಾಗಬೇಕಲ್ಲ! ಕ್ಯಾನ್ವಾಸ್ ಶೂ ಹೋಗಿ ಸ್ಟಡ್ ಬೂಟು ಬಂತು, ಕ್ರಿಕೆಟ್ ಹುಚ್ಚು ಏರಿ ಹನ್ನೊಂದು ಜನರನ್ನು ಹೊಂದಿಸಲು ನಾನು ಕ್ಯಾಂಟೀನಿನಲ್ಲಿ ಕೈಮುಗಿದು ನಿಂತ ವರ್ಷಗಳೂ ಬಂದವು, ಈಗ ಹುಡುಗಿಯರ ತಂಡವೂ ಇದೆ. ತಪ್ಪು ಮಾತ್ರ ಬದಲಾಗಿಲ್ಲ. ಹೋದ ವರ್ಷ ಆರ್‌ಪಿಸಿ ಲೇಔಟ್‌ನಿಂದ ಬರುವ ನಮ್ಮ ಹುಡುಗಿಯೊಬ್ಬಳು ಇಲ್ಲದ ಗೋಡೆಗೆ ಎಂಥ ಚೆಂದದ ಪಾಸ್ ಕೊಟ್ಟಳೆಂದರೆ, ಚೆಂಡು ಹೋಗಿ ಚುರುಮುರಿ ಗಾಡಿಯ ಕೆಳಗೆ ನಿಂತಿತು. ಎದುರು ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಏಕೆಂದರೆ ಅದನ್ನೇ ಮಾಡಿದವನು ನಾನು. ಕೆಂಗೇರಿ ಆಚೆಯ ಒಂದು ದೊಡ್ಡ ಮೈದಾನದಲ್ಲಿ ಸೆಮಿಫೈನಲ್. ಅಲ್ಲಿವರೆಗೆ ನಮ್ಮವರು ಯಾರೂ ಸೆಮಿಫೈನಲ್ ಮುಖ ಕಂಡವರಲ್ಲ, ಆಮೇಲೂ ಕಂಡಿಲ್ಲ. ಎರಡೂ ಕಡೆ ಒಂದೊಂದು ಗೋಲು, ಉಳಿದದ್ದು ಕೆಲವೇ ನಿಮಿಷ. ಚೆಂಡು ನನ್ನ ಕಾಲಲ್ಲಿತ್ತು, ಎದುರಿಗೆ ತೆಂಗಿನಮರದಂಥ ಆಳು. ಯೋಚಿಸಲೇ ಇಲ್ಲ, ಬಲಕ್ಕೆ ಒದ್ದೆ. ತಲೆ ಎತ್ತಿದರೆ ನಮ್ಮ ಕ್ಯಾಪ್ಟನ್ ಆಗಲೇ ಆ ಆಳಿನ ಬೆನ್ನ ಹಿಂದಕ್ಕೆ ಓಡಿ, ಬಲಭುಜ ತಿರುಗಿಸಿ ಚೆಂಡಿಗಾಗಿ ಕಾಯುತ್ತಿದ್ದ. ಚೆಂಡು ಗೆರೆ ದಾಟಿ, ಜನರನ್ನು ದಾಟಿ, ರಸ್ತೆಗೆ ಹೋಯಿತು. ಎದುರು ತಂಡದವರು ಥ್ರೋ ಮಾಡಿದರು, ಅದೇ ಚೆಂಡು ನಮ್ಮ ಗೋಲಿನೊಳಗೆ ಬಿತ್ತು.

ವಿಸಿಲ್ ಊದಿದ ಮೇಲೆ ಕ್ಯಾಪ್ಟನ್ ಎಲ್ಲರೆದುರು ನನ್ನ ಕಾಲರ್ ಹಿಡಿದ. "ಎಲ್ಲಿದೆಯೋ ಗೋಡೆ? ನಿಮ್ಮಪ್ಪ ಕಟ್ಟಿಸಿದಾನಾ?" ಅವತ್ತಿನಿಂದ ನಾನು ಗೋಡೆ. ಕಾಲೇಜಿನಲ್ಲಿ ಗೋಡೆ, ಮದುವೆಮನೆಗಳಲ್ಲಿ ಸಿಕ್ಕಿದ ಹಳೇ ಗೆಳೆಯರಿಗೆ ಗೋಡೆ, ಈಗಿನ ಮಕ್ಕಳಿಗೆ ಬೆನ್ನ ಹಿಂದೆ ಗೋಡೆ ಸಾರ್. ಕರೀಲಿ ಬಿಡಿ. ಆದರೆ ಚರಿತ್ರೆ ಬರೆಯುವ ಪೆನ್ನು ನನ್ನ ಕೈಗೆ ಕೊಟ್ಟ ಮೇಲೆ ನಾನು ಪೂರ್ತಿ ಬರೆಯುವವನೇ. "ಚೆಂಡು ಗೋಡೆಯಿಂದ ಬರುತ್ತದೆಂದು ಕ್ಯಾಪ್ಟನ್ ಕೂಡ ಓಡಿದ್ದರು" ಎಂದು ಬರೆದೆ. ಕೆಂಪು ಗೀಟು ಬಿದ್ದದ್ದು ಅದರ ಮೇಲೆ.

ಹಾಳೆ ಹಿಡಿದು ಅವರ ಕೋಣೆಗೆ ಹೋದೆ.

"ಸಾರ್, ಈ ಸಾಲು ಇರ್ಲಿ."

"ನಾನೆಲ್ಲಿ ಓಡಿದ್ದೆ? ಸುಮ್ನೆ ಏನೇನೋ ಬರೀಬೇಡಿ," ಅಂದರು ಕಾರ್ಯದರ್ಶಿಗಳು, ಫೈಲಿನಿಂದ ತಲೆ ಎತ್ತದೆ. "ಅಷ್ಟಕ್ಕೂ ಆ ಗೋಡೆನೇ ಇರಲ್ಲ. ಸಮಾರಂಭ ಮುಗೀತಿದ್ದ ಹಾಗೇ ಒಡೆದು, ಗ್ರೌಂಡಿಗೆ ಕಲ್ಲು ಹಾಸಿ ಪಾರ್ಕಿಂಗ್ ಮಾಡ್ತಾ ಇದೀವಿ. ಮುಂದಿನ ವರ್ಷದಿಂದ ಫುಟ್‌ಬಾಲ್ ಇಲ್ಲ. ಒಂದೂ ಕಪ್ ತರದ ಟೀಮಿಗೆ ಗ್ರೌಂಡ್ ಯಾಕೆ ಅಂತ ಮಂಡಳಿಯವರು ಕೇಳ್ತಾರೆ. ಏನ್ ಹೇಳ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ಸೋತ್ರು ಅಂತ ಹೇಳಿ ಸಾರ್. ಸೋತು ಮಾರನೇ ದಿನ ಪ್ರಾಕ್ಟೀಸಿಗೆ ಬಂದ್ರು ಅಂತಾನೂ ಹೇಳಿ. ಸಾಲು ಮಾತ್ರ ನಾನು ತೆಗೆಯಲ್ಲ. ಬೇಕಾದ್ರೆ ಪೂರ್ತಿ ಲೇಖನ ಬಿಸಾಕಿ."

ಮುಂದಿನ ವಾರ ಬೆಳಗ್ಗೆ ಪ್ರಾಕ್ಟೀಸ್ ನಡೆಯುತ್ತಿದ್ದಾಗ ಅವರು ಕಂಟ್ರಾಕ್ಟರನ್ನು ಕರೆದುಕೊಂಡು ಮೈದಾನಕ್ಕೆ ಬಂದರು. ಆತನ ಕೈಯಲ್ಲಿ ಅಳತೆ ಟೇಪು. ಮಕ್ಕಳು ನನ್ನ ಮುಖ ನೋಡಿದರು. "ಯಾಕ್ ನಿಂತ್ರಿ? ಆಡ್ರೋ!" ಎಂದು ಗದರಿದೆ. ಕಾರ್ಯದರ್ಶಿಗಳು ಪಾಲಿಶ್ ಮಾಡಿದ ಶೂ ಹಾಕಿಕೊಂಡು, ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಗೋಡೆಯ ಪಕ್ಕದಲ್ಲೇ ನಡೆದು ಬರುತ್ತಿದ್ದರು. ಅಷ್ಟರಲ್ಲಿ ಚೆಂಡು ನನ್ನ ಕಾಲಿಗೆ ಬಂತು. ಬೇಕಂತಲೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷದ ಸಿಟ್ಟೆಲ್ಲ ಸೇರಿಸಿ ಗೋಡೆಗೆ ಒದ್ದೆ.

ಅವರು ಗೋಡೆ ಕಡೆ ನೋಡಲೂ ಇಲ್ಲ. ಕಾಲಿನ ಸದ್ದು ಕೇಳಿದ ಕೂಡಲೇ ಮೂರು ಹೆಜ್ಜೆ ಒಳಕ್ಕೆ ಓಡಿ, ಬಲಭುಜ ತಿರುಗಿಸಿ ನಿಂತರು. ಫೈಲ್ ಕೆಳಗೆ ಬಿತ್ತು. ಚೆಂಡು ಗೋಡೆಗೆ ಬಡಿದು ಚಿಮ್ಮಿ ಬಂದಾಗ ಅವರ ಪಾಲಿಶ್ ಶೂ ಅದರ ಮೇಲೆ ಕೂತಿತ್ತು.

"ಅರೆ, ಇವ್ರು ನಮ್ಮೋರೇ ಕಣ್ರೇ!" ಎಂದು ಆರ್‌ಪಿಸಿ ಲೇಔಟ್‌ನ ಆ ಹುಡುಗಿ ಕೂಗಿದಳು.

ಅವರು ಚೆಂಡನ್ನು ಕಾಲಡಿಯಲ್ಲಿ ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ಓಡಿದ್ದೆ ಕಣೋ. ಅವತ್ತೂ ಓಡಿದ್ದೆ."

"ಮತ್ತೆ ಕಾಲರ್ ಯಾಕೋ ಹಿಡಿದೆ?" ಸಾರ್ ಅನ್ನುವುದು ನನಗೂ ಮರೆತುಹೋಗಿತ್ತು.

"ಹಿಡೀದೇ ಇದ್ದಿದ್ರೆ ಎಲ್ಲರೂ ನನ್ನನ್ನೇ ನೋಡ್ತಿದ್ರು ಮಗಾ."

ಇಷ್ಟು ವರ್ಷ ಈ ಮಾತಿಗೆ ಕಾದಿದ್ದವನಿಗೆ, ಕೇಳಿದ ಮೇಲೆ ಖುಷಿಯಾಗಬೇಕಿತ್ತು. ನಾನು ಕಾಲರ್ ಸರಿಮಾಡಿಕೊಂಡೆ, ಅಷ್ಟೇ.

ಕಂಟ್ರಾಕ್ಟರ್ ಟೇಪಿನ ತುದಿ ಹಿಡಿದು ಕಾಯುತ್ತಿದ್ದ. "ಸಾರ್, ಎಲ್ಲಿಂದ ಒಡೀಬೇಕು?"

"ಇದನ್ನ ಮುಟ್ಬೇಡಿ. ಹಳೇ ಸೈಕಲ್ ಸ್ಟ್ಯಾಂಡ್ ಹತ್ರ ಜಾಗ ಇದೆ, ಅಲ್ಲಿ ಅಳೆಯೋಣ," ಅಂದ ನಮ್ಮ ಕ್ಯಾಪ್ಟನ್.

"ಮಂಡಳಿಗೆ ಏನ್ ಹೇಳ್ತೀಯ?" ಎಂದು ಕೇಳಿದೆ.

"ಸೋತ್ವಿ ಅಂತ ಹೇಳ್ತೀನಿ," ಅಂದವನು ಬಗ್ಗಿ ಫೈಲ್ ಎತ್ತಿಕೊಂಡ. "ಮಾರನೇ ದಿನ ಪ್ರಾಕ್ಟೀಸಿಗೆ ಬಂದ್ವಿ ಅಂತಾನೂ." ಚೆಂಡನ್ನು ಗೋಡೆಗೆ ಒದ್ದ. ನಾನು ಆಗಲೇ ಓಡಿದ್ದೆ.