ನಲವತ್ತು ಅಳತೆ ಚೀಟಿ

ನಮ್ಮ ಬೀದಿಯ ಟೈಲರಮ್ಮನಿಗೆ ಅನುಮಾನ ಜಾಸ್ತಿ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೊಸ ಟೇಪನ್ನು ಹಳೆಯದರ ಪಕ್ಕ ಇಟ್ಟು ನೋಡದೆ ಅವಳು ದುಡ್ಡು ಬಿಚ್ಚುವವಳೇ ಅಲ್ಲ.

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಅವಳು ಅರ್ಜಿ ಹಾಕಿದ್ದು ಊರಿಗೇ ದೊಡ್ಡದೆನಿಸಿದ ಸ್ಕೂಲಿಗೆ. ಇದ್ದದ್ದು ನಲವತ್ತು ಸೀಟು, ಬಂದ ಅರ್ಜಿ ಮುನ್ನೂರು. ಆ ಸ್ಕೂಲಿನ ಯೂನಿಫಾರ್ಮ್ ಹೊಲಿಯುವವಳೂ ಅವಳೇ. ಇಂಟರ್‌ವ್ಯೂಗೆ ಇನ್ನೂ ಹದಿನೈದು ದಿನ ಇರುವಾಗಲೇ ಪ್ಯೂನ್ ಒಂದನೇ ಕ್ಲಾಸಿನ ಬಟ್ಟೆಯನ್ನೂ ಅಳತೆ ಚೀಟಿಗಳನ್ನೂ ತಂದು ಹಾಕಿದ. ಅವಳು ಚೀಟಿ ಎಣಿಸಿದಳು. ಸರಿಯಾಗಿ ನಲವತ್ತು.

“ಮಕ್ಕಳನ್ನೇ ಇನ್ನೂ ಆರಿಸಿಲ್ಲ, ಅಳತೆ ಎಲ್ಲಿಂದ ಬಂತಪ್ಪಾ?”

“ನಂಗೇನು ಗೊತ್ತಕ್ಕಾ? ಕೊಟ್ರು, ತಂದೆ.”

ಗಂಡ ನಕ್ಕ. “ನಿಂದೊಳ್ಳೆ ಕಥೆ. ಹೋದ ವರ್ಷದ್ದಿರಬೇಕು ಬಿಡೇ.”

ಅವಳು ಚೀಟಿಗಳ ತಾರೀಖನ್ನು ಅವನ ಕಣ್ಣಿಗೆ ಹಿಡಿದಳು. ಎಲ್ಲವೂ ಇದೇ ತಿಂಗಳದ್ದು. ಮಗಳ ಹೆಸರಿನ ಚೀಟಿ ಮಾತ್ರ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಹೊಲಿದಳು. ಪಕ್ಕದಲ್ಲಿ ಕೂತು ಒಂದೊಂದೇ ಗುಂಡಿ ಎತ್ತಿಕೊಟ್ಟವಳು ಮಗಳು.

ಇಂಟರ್‌ವ್ಯೂ ದಿನ ವರಾಂಡದ ತುಂಬ ಅಪ್ಪ ಅಮ್ಮಂದಿರು. ಒಳಗೆ ಹೆಡ್‌ಮಿಸ್ ಬೆಣ್ಣೆಯಂಥ ದನಿಯಲ್ಲಿ ಕೇಳಿದರು: “ಅಮ್ಮ ಮನೇಲಿ ಏನ್ ಮಾಡ್ತಾರೆ ಪುಟ್ಟಿ?”

“ಈ ಸ್ಕೂಲಿನ ಯೂನಿಫಾರ್ಮ್ ಹೊಲೀತಾಳೆ ಮಿಸ್. ಒಂದನೇ ಕ್ಲಾಸಿಂದು ನಲವತ್ತೂ ಆಗೋಯ್ತು. ನಂದೊಂದೇ ಇಲ್ಲ.”

ಹೆಡ್‌ಮಿಸ್ ಎದ್ದುಹೋಗಿ ವರಾಂಡದ ಕಡೆಗೆ ತೆರೆದಿದ್ದ ಬಾಗಿಲು ಹಾಕಿದರು.