ನೌಕಿ ಹೊಳ್ಳಿ ಬರಬೇಕು ಅಂದ ಅಂಬುಆಯಿ

ಮುಕ್ತಾ, ನಿನ್ನ ಮೆಸೇಜ್ ನೋಡಿದೆ. ನಮ್ಮ ವಿಠ್ಠಲನ ಗುಡಿಯಾಗ ಪುರಾಣ ನಿಂತೈತೇನು ಅಂತ ಕೇಳೀದಿ. ಆ ಸುದ್ದಿ ಮುದ್ದೇಬಿಹಾಳ ಮಟಾ ಮುಟ್ಟೈತಿ ಅಂದ್ರ ನಮ್ಮ ಇಂಡಿ ಮಂದಿ ಬಾಯಿಗಿ ಕೈ ಮುಗಿಬೇಕು ಬಿಡು. ಪುರಾಣ ನಿಂತಿಲ್ಲ. ಅಂಬುಆಯಿ ಓದೂದು ಬಿಟ್ಟಾಳ. ಯಾಕ ಬಿಟ್ಲು ಅಂತ ಟೈಪ್ ಮಾಡಾಕ ಹೋದ್ರ ನನ್ನ ಬಟ್ಟು ಸವದು ಹೋಗ್ತಾವ, ಅದಕ್ಕ ಬಾಯಿಲೇ ಹೇಳಾಕತ್ತೇನಿ, ಕೇಳು. ಹಿಂದ ಗದ್ದಲ ಬಂತಂದ್ರ ಅಂಜಬ್ಯಾಡ. ಅಂಗಳದಾಗ ನಿಂಬಿಕಾಯಿ ಚೀಲ ಹೇರಾಕತ್ತಾರ, ನಮ್ಮಪ್ಪ ಒದರಾಕತ್ತಾನ, ಅಷ್ಟ.

ಅಂಬುಆಯಿ ಅಂದ್ರ ನಮ್ಮ ಎದುರು ಮನಿ ಅಂಬುಬಾಯಿ. ವೈಷ್ಣವರ ಮನಿ, ಅರ್ಧ ಮರಾಠಿ, ಅರ್ಧ ಕನ್ನಡ. ಬೆಕ್ಕಿಗಿ ಬೈಯೂದು ಮರಾಠಿಯಾಗ, ಗಂಡಗ ಬೈಯೂದು ಕನ್ನಡದಾಗ. ಗಂಡ ಪಂಢರಿನಾಥ ಮಾಸ್ತರು, ರಿಟೈರ್ ಆಗಿ ಇಡೀ ದಿನ ಪೇಪರ ಓದ್ತಾರ. ಈಕಿ ಮಧ್ಯಾಹ್ನ ಗುಡಿಯಾಗ ಹೆಣ್ಣಮಕ್ಕಳಿಗಿ ಪುರಾಣ ಓದ್ತಿದ್ಲು. "ನಮ್ಮ ಮನ್ಯಾಗ ಓದವರು ಇಬ್ರೂ ಇದ್ದೀವಿ, ಕೇಳವರು ಯಾರೂ ಇಲ್ಲ" ಅಂತಿದ್ರು ಮಾಸ್ತರು.

ನಾ ಸಣ್ಣಾಕಿ ಇದ್ದಾಗಿಂದ ನೋಡೇನಿ. ಊಟ ಆದ ಮ್ಯಾಲ ಓಣಿ ಹೆಣ್ಣಮಕ್ಕಳು ಗುಡಿಗಿ ಹೋಗ್ತಿದ್ರು. ಕೈಯಾಗ ಒಬ್ಬಾಕಿದು ಅಕ್ಕಿ ಹಸನ ಮಾಡೂ ಮರ, ಒಬ್ಬಾಕಿದು ಬತ್ತಿ ಹೊಸಿಯೂ ಅರಳಿ. ಅಂಬುಆಯಿ ಒಂದು ಕಟಗಿ ಮಣಿ ಮ್ಯಾಲ ಕುಂತು ಓದಾಕಿ. ಆಕಿದೊಂದು ಪದ್ಧತಿ ಇತ್ತು. ಕಥಿಯೊಳಗ ಯಾರರೆ ಅಳಾಕತ್ತಿದ್ರ, ಅಡವ್ಯಾಗ ಯಾರರೆ ದಾರಿ ತಪ್ಪಿದ್ರ, ಅಲ್ಲಿಗಿ ಪುಸ್ತಕ ಮುಚ್ಚಂಗೇ ಇಲ್ಲ. ಹೊತ್ತಾಗ್ಲಿ, ಗಂಟಲಾ ಒಣಗ್ಲಿ, ಅಳಾಕಿ ಕಣ್ಣೀರು ಒರಸ್ಕೋಬೇಕು, ದಾರಿ ತಪ್ಪಿದಾಂವ ಯಾವದರೆ ಮನಿ ಬಾಗಲದ ಹೊಚ್ಚಲಾ ಮುಟ್ಟಬೇಕು, ಆಮ್ಯಾಲೇ ಮಂಗಳ. ನಾ ಒಮ್ಮಿ ಯಾಕ ಆಯಿ ಅಂತ ಕೇಳಿದ್ರ, "ಇವರೆಲ್ಲಾ ಈಗ ಮನಿಗೆ ಹೋಗಿ ದೀಪಾ ಹಚ್ಚವರು. ಅವರ ಕೈಯಾಗ ಅಳೂದನ್ನ ಕೊಟ್ಟು ಕಳಸ್ತಾರೇನ?" ಅಂದಿದ್ಲು.

ಇಂಥಾಕಿ ಕಣ್ಣಿಗಿ ಬಿತ್ತು ನೋಡು, ಆ ಸೀರಿಯಲ್ಲು. "ಏಳನೇ ನೌಕೆ" ಅಂತ. ರವಿವಾರ ಮಧ್ಯಾಹ್ನ ಬರ್ತಿತ್ತು. ಯಾವದೋ ದೇಶದ್ದು, ಕನ್ನಡಕ್ಕ ತಂದಿದ್ರು. ತಾರಾ ಅಂತ ಒಬ್ಬಾಕಿ ಸಣ್ಣ ಮಗಳನ್ನ ಭೂಮಿ ಮ್ಯಾಲ ಬಿಟ್ಟು, ಆಕಾಶದಾಗ ನೌಕಿ ಹೊಡ್ಕೊಂಡು ಹೊಸ ಭೂಮಿ ಹುಡುಕಾಕ ಹೋಗ್ಯಾಳ. ಸಂಗಾಟ ಒಂದು ರೋಬೋಟು. ಆ ರೋಬೋಟು ಪಕ್ಕಾ ಬೆಂಗಳೂರು ಮಾತು ಆಡ್ತೈತಿ. ನಮ್ಮ ಆಯಿ ಲಕ್ಕವ್ವ, ನಮ್ಮಪ್ಪನ ಅವ್ವ, ಅದನ್ನ ಕೇಳಿದಾಗೊಮ್ಮಿ, "ಮಷೀನಕ್ಕ ಏನ್ ನಾಜೂಕ ನಾಲಗಿ ಕೊಟ್ಟಾರ ಬೇ!" ಅಂತ ನಗತಿದ್ಲು.

ನಮ್ಮ ಮನ್ಯಾಗ ದೊಡ್ಡ ಟೀವಿ ಐತೆಲ್ಲ, ರವಿವಾರ ಓಣಿ ಹೆಣ್ಣಮಕ್ಕಳೆಲ್ಲಾ ಇಲ್ಲೇ. ಗುಡಿ ಖಾಲಿ. ಒಂದು ರವಿವಾರ ಅಂಬುಆಯಿ ಪುಸ್ತಕ ಕೈಯಾಗ ಹಿಡ್ಕೊಂಡು ಬೈಯಾಕಂತ ಬಂದ್ಲು. ಬಾಗಲದಾಗ ನಿಂತ್ಲು. ಬೈಯಾಕ ಬಾಯಿ ತಗದ್ಲು. ಟೀವ್ಯಾಗ ಅದೇ ಹೊತ್ತಿಗಿ ನೌಕಿ ಬಾಗಲಾ ತಗೀತು, ತಾರಾ ಕೈ ಜಾರಿ ಹೊರಗ ಕತ್ತಲದಾಗ ಬಿದ್ಲು. ಮುಗೀತು, ಸಾಬಾಣದ ಜಾಹೀರಾತು ಬಂತು.

"ಮುಂದ?" ಅಂದ್ಲು ಅಂಬುಆಯಿ.

"ಮುಂದಿನ ರವಿವಾರರಿ ಬಾಯಾರ" ಅಂದ್ಲು ನಮ್ಮ ಆಯಿ.

"ಹಂಗಂದ್ರ? ಆಕಿನ್ನ ಅಲ್ಲೇ ಬಿಟ್ಟು ಹೋದ್ರ? ಒಂದು ವಾರ ಆಕಿ ಬೀಳಕೋತನೇ ಇರಬೇಕೇನ?"

ಎಲ್ಲಾರೂ ಏಳಾಕತ್ತಿದ್ರು. ಈಕಿ ಬಾಗಲಕ್ಕ ಅಡ್ಡ ಕುಂತೇ ಬಿಟ್ಲು! "ಯಾರೂ ಏಳಬ್ಯಾಡ್ರಿ. ಕೂಡ್ರಿ" ಅಂದಾಕಿನ, ತಾನೇ ಕಥಿ ಚಾಲೂ ಮಾಡಿದ್ಲು. ರೋಬೋಟ ಓಡಿ ಬಂತು, ಹಗ್ಗಾ ಒಗೀತು, ತಾರಾ ಹಿಡಕೊಂಡ್ಲು, ಒಳಗ ಬಂದ್ಲು, ಬಿಸಿ ಚಾ ಕುಡದ್ಲು. "ಹೂಂ, ಈಗ ಹೋಗ್ರಿ" ಅಂದ್ಲು. ಹೊರ್ತಿ ಊರಿಂದ ನಮ್ಮ ಓಣಿಗಿ ಬಂದ ಶೇವಂತೆವ್ವ ಅಂತೂ ಆಕಾಶಕ್ಕ ಕೈ ಮುಗದು ಹೋದ್ಲು.

ಮುಂದಿನ ವಾರ ನೋಡಿದ್ರ ರೋಬೋಟೂ ಇಲ್ಲ, ಹಗ್ಗಾನೂ ಇಲ್ಲ. ಬ್ಯಾರೆ ಯಾವದೋ ನೌಕಿ ಬಂದು ಆಕಿನ್ನ ಎತ್ಕೊಂಡು ಹೋತು. ನಮ್ಮ ಆಯಿ ಸುಮ್ಮ ಇರಾಕಿ ಏನು? "ಬಾಯಾರ, ನಿಮ್ಮ ಹಗ್ಗಾ ಎಲ್ಲಿ ಹೋತ್ರಿ?" ಅಂದ್ಲು. ಎಲ್ಲಾರೂ ಬಿದ್ದು ಬಿದ್ದು ನಕ್ರು. ಅಂಬುಆಯಿನೂ ನಕ್ಲು. ಆದ್ರ ಆವತ್ತೂ ಕಂತು ಮುಗದ ಮ್ಯಾಲ ಯಾರನ್ನೂ ಏಳಾಕ ಬಿಡಲಿಲ್ಲ. ಗುಡಿಯಾಗಿನ ಆ ಕಟಗಿ ಮಣಿ ನಮ್ಮ ಮನಿಗೇ ಬಂತು. ಪ್ರತಿ ರವಿವಾರ ಟೀವಿ ಆಫ್, ಅಂಬುಆಯಿ ಆನ್.

ಆಕಿಗಿ ಹತ್ತಿದ ಹುಚ್ಚು ಏನ್ ಹೇಳ್ಲಿ ಮುಕ್ತಾ! ನಾ ಬಿ.ಎಸ್ಸಿ. ಓದ್ತೇನಿ ಅಂತ ದಾರ್ಯಾಗ ಸಿಕ್ರೂ ಬಿಡ್ತಿದ್ದಿಲ್ಲ. ಒಂದಿನ ಬಸ್ ಸ್ಟ್ಯಾಂಡಿನಾಗ ಹಿಡದ್ಲು. "ಶೈಲಶ್ರೀ, ತಾರಾನ ಮಗಳು ಭೂಮಿ ಮ್ಯಾಲ ಮುದುಕಿ ಆದ್ಲಂತ, ತಾಯಿ ಇನ್ನೂ ಹಂಗೇ ಹರೇದಾಕಿ ಹಂಗ ಇದ್ದಾಳ, ಇದು ಖರೇ ಆಗೂ ಮಾತೋ, ಸುಮ್ಮ ಬಿಟ್ಟಾರೋ?" ಅಂದ್ಲು. ನಾ ಹೇಳಿದೆ, "ಖರೇ ಐತಿ ಆಯಿ. ನೌಕಿ ಭಾಳ ಅಂದ್ರ ಭಾಳ ಜೋರು ಹೋಗ್ತೈತಿ, ಅಷ್ಟು ಜೋರು ಹೋದ್ರ ಅದರೊಳಗ ಹೊತ್ತು ಸಾವಕಾಶ ಸರೀತೈತಿ. ಇಲ್ಲಿ ನಮ್ಮ ಕೂದಲಾ ಬೆಳ್ಳಗಾದ್ರೂ ಅಲ್ಲಿ ಆಕೀವು ಕರ್ರಗೇ."

ಆಕಿ ಝಳಕಿ ಬಸ್ಸು ಬಿಟ್ಟಕೊಟ್ಟು ಅಲ್ಲೇ ವಿಚಾರ ಮಾಡಿದ್ಲು. "ಹಂಗಾದ್ರ ತಾರಾ ಏಕಾದಶಿ ಉಪವಾಸ ಯಾವ ಲೆಕ್ಕದಾಗ ಹಿಡೀಬೇಕು? ನೌಕೀದೋ, ನಮ್ಮದೋ?" ಅಂತ ಕೇಳಿದ್ಲು. ನಮ್ಮ ಫಿಜಿಕ್ಸ್ ಸರ್ ಪರೀಕ್ಷಾದಾಗ ಇಂಥಾದ್ದು ಕೇಳಿದ್ರ ನಾ ಎದ್ದು ಮನಿಗಿ ಬರ್ತಿದ್ದೆ.

ಕಡಿಗಿ ಏನಾಗ್ತೈತಿ ಅನ್ನೂದ್ರಾಗ ಓಣಿಯಾಗ ಎರಡು ಪಾರ್ಟಿ ಆದ್ವು. ಅಂಬುಆಯಿದು ಒಂದೇ ಆಸೆ. ನೌಕಿ ಹೊಳ್ಳಿ ಬರಬೇಕು. ತಾರಾ ಮಗಳ ಮನಿ ಹೊಚ್ಚಲಾ ಮುಟ್ಟಬೇಕು, ಇಬ್ರೂ ಮಾರಿ ಮಾರಿ ನೋಡಬೇಕು. ನಮ್ಮ ಆಯಿ ಅದಕ್ಕ ಉಲ್ಟಾ. "ಹೊಸಾ ಭೂಮಿ ಸಿಕ್ಕೈತಂದ್ರ ಅಲ್ಲೇ ಹೊಲಾ ಮನಿ ಮಾಡ್ಕೊಂಡು ಇರಬೇಕ್ರಿ. ನಾ ಝಳಕಿಯಿಂದ ಲಗ್ನಾಗಿ ಈ ಊರಿಗಿ ಬಂದೆ. ಹೊಳ್ಳಿ ಹೋದೆನೇನು? ರೊಟ್ಟಿ ಬಡಕೋತ ಇಲ್ಲೇ ಇದ್ದೇನಿಲ್ಲ?" ಅಂತಿದ್ಲು.

ಕಡೀ ಕಂತಿನ ಹಿಂದಿನ ವಾರ ಅದು ಜಗಳಕ್ಕ ತಿರಗತು. ನಮ್ಮ ಆಯಿ ಶೇಂಗಾ ಸುಲಕೋತ ಚಾಷ್ಟಿಗಿ ಅಂದ್ಲು, "ಬಾಯಾರ, ನೀವು ಹೇಳಿದ್ದು ಒಂದರೆ ಆಗೈತೇನ್ರಿ? ಹಗ್ಗಾ ಬರಲಿಲ್ಲ, ಆ ಬ್ಯಾರೆ ನೌಕಿ ಡಾಕ್ಟರ ಬದಕತಾನ ಅಂದ್ರಿ, ಬದಕಲಿಲ್ಲ. ಇಷ್ಟು ವರ್ಷ ಪುರಾಣ ಓದಿ ಕಥಿ ಎಲ್ಲಿಗಿ ಹೋಗ್ತೈತಿ ಅಂತ ತಿಳೀಲಿಲ್ಲಂದ್ರ ಆ ಮಣಿ ನಮಗರೆ ಕೊಡ್ರಿ, ರೊಟ್ಟಿ ಬಡಿಯಾಕ ಕುಂದರತೇವಿ."

ಎಲ್ಲಾರೂ ನಕ್ರು. ಅಂಬುಆಯಿ ನಗಲಿಲ್ಲ. "ಆತು ಲಕ್ಕವ್ವ. ತಾರಾ ಮಗಳ ಹೊಚ್ಚಲಾ ಮುಟ್ಟಲಿಲ್ಲಂದ್ರ ನಾ ಇನ್ನ ಈ ಮಣಿ ಮ್ಯಾಲ ಕೂಡೂದಿಲ್ಲ. ವಿಠ್ಠಲನ ಆಣಿ" ಅಂದ್ಲು.

ನಮ್ಮ ಆಯಿ ಕೈಯಾಗಿನ ಶೇಂಗಾ ಹಂಗೇ ಉಳೀತು. "ಯವ್ವಾ, ಬಾಯಾರ, ನಾ ಚಾಷ್ಟಿ ಮಾಡಿದೆರಿ!"

"ನೀ ಚಾಷ್ಟಿ ಮಾಡಿದಿ. ನಾ ಮಾಡಿಲ್ಲ."

ಆ ವಾರ ಇಡೀ ಓಣಿಗಿ ನಿದ್ದಿ ಇಲ್ಲ. ಮಾಸ್ತರು, "ಒಂದು ಟೀವಿ ಹಡಗದ ಸಲುವಾಗಿ ದೇವರ ಸೇವಾ ಬಿಡ್ತೀಯೇನ?" ಅಂತ ಪೇಪರ ಮಡಚಿ ಇಟ್ರಂತ. ಅವರು ಪೇಪರ ಮಡಚಿದ್ದೇ ದೊಡ್ಡ ಸುದ್ದಿ. ಸಿಂದಗಿಯಾಗ ಆಕಿ ಅಣ್ಣನ ಮಗ ಧೀರೇಂದ್ರ ಇದ್ದಾನಲ್ಲ, ಕಾಲೇಜಿನಾಗ ಕಲಸ್ತಾನ, ಅವನಿಗಿ ಫೋನ್ ಹೋತು. ಅಂವ ಆ ಸೀರಿಯಲ್ಲು ಇಂಗ್ಲಿಷಿನಾಗ ಮೊದಲೇ ನೋಡಿ ಮುಗಿಸ್ಯಾನ! ನಾ ಅಲ್ಲೇ ಇದ್ದೆ, ಸ್ಪೀಕರ್ ಹಚ್ಚಿ ಕೊಟ್ಟಾಕಿನೂ ನಾನೇ.

"ಅತ್ಯಾ, ಕಡೀಗೆ ಏನಾಗ್ತದ ನನಗ ಗೊತ್ತದ. ಹೇಳ್ಲೇನು? ಕೇಳಿ ಆಣಿ ಹಿಂದ ತಗೋ, ನಡೀತದ."

ಅಂಬುಆಯಿ ಸೆರಗಿನ ಚುಂಗು ಬಟ್ಟಿಗಿ ಸುತ್ತಿದ್ಲು, ಬಿಚ್ಚಿದ್ಲು. "ಧೀರೂ, ಒಂದೇ ಹೇಳು. ಭೂಮಿಯಿಂದ ಯಾರರೆ ಆಕಿನ್ನ ಕರೀತಾರೇನು?"

"ಹೇಳ್ಲೇ? ಕೇಳು, ಕಡೀ ಕಂತಿನಾಗ..."

"ಬ್ಯಾಡ! ಬ್ಯಾಡೋ ಖೋಡಿ! ಇಡು ಫೋನು!"

ನಾ ಕಟ್ ಮಾಡಿದೆ. ಆಕಿ ಎದಿ ಮ್ಯಾಲ ಕೈ ಇಟ್ಕೊಂಡು ಕುಂತ್ಲು. ಆಮ್ಯಾಲ ನನಗ ಅಂದ್ಲು, "ಹುಡುಗಿ, ನಾ ಓದಿದ ಕಥಿ ಎಲ್ಲಾ ನನಗ ಮೊದಲೇ ಗೊತ್ತಿದ್ವು. ಕೇಳವರಿಗೂ ಗೊತ್ತಿದ್ವು. ಮುಂದೇನು ಅಂತ ಗೊತ್ತಿಲ್ಲದ ಕೂತಿದ್ದು ಇದೇ ಮೊದಲ. ಇನ್ನ ಒಂದು ವಾರದ್ದದ. ಇದನ್ನ ಕಸಗೋಬ್ಯಾಡ್ರಿ."

ರವಿವಾರ ಬಂತು. ಮುಂಜಾನೆ ನಮ್ಮ ಆಯಿ ಕಾಣಲಿಲ್ಲ. ಹುಡುಕಿದ್ರ ಗುಡಿಯಾಗ ಕಾಯಿ ಒಡಸಾಕತ್ತಾಳ. ಏನ್ ಬೇಡಿಕೊಂಡಿ ಅಂತ ಕೇಳಿದ್ರ, "ಸುಮ್ಕ ಇರ. ಆ ಹಾಳಾದ ನೌಕಿ ಹೊಳ್ಳಿ ಬರ್ಲಿ ಅಂತ" ಅಂದ್ಲು. ತನ್ನ ಪಾರ್ಟಿ ಬಿಟ್ಟು ಬಂದಾಳ ನೋಡು! ಆ ದೇವರಿಗಿ ಇಷ್ಟು ದಿನ ಮಳಿ ಕೇಳ್ಯಾರ, ಮಕ್ಕಳನ್ನ ಕೇಳ್ಯಾರ. ನೌಕಿ ಕೇಳಿದಾಕಿ ಈಕಿನೇ ಇರಬೇಕು.

ಮಧ್ಯಾಹ್ನ ಪಡಸಾಲ್ಯಾಗ ಕಾಲಿಡಾಕ ಜಾಗಾ ಇಲ್ಲ. ಅಂಬುಆಯಿ ಮಣಿ ಗ್ವಾಡಿಗಿ ಆನಿಸಿ ಇಟ್ಟು ನೆಲಕ್ಕ ಕುಂತಿದ್ಲು. ನೌಕಿ ಭೂಮಿ ಕಡೆ ಮಾರಿ ತಿರುಗಿಸ್ತು. ರೋಬೋಟು ಕೆಟ್ಟು ನಿಂತು ಹೋತು, ಶೇವಂತೆವ್ವ ಮೂಗು ಒರಸ್ಕೊಂಡ್ಲು. ತಾರಾ ಒಬ್ಬಾಕೀನೇ ರೇಡಿಯೋದಾಗ ಕರದೇ ಕರದ್ಲು. ಯಾರೂ ಓ ಅನ್ನಲಿಲ್ಲ. ಬರೇ ಗರ್ ಅನ್ನೂ ಸಪ್ಪಳ. ಆಮ್ಯಾಲ, ಭಾಳ ಹೊತ್ತಿನ ಮ್ಯಾಲ, ಒಂದು ಮುದುಕಿ ದನಿ ಬಂತು: "ಯಾರದು?" ತಾರಾ ಮೈಕಿಗಿ ಬಾಯಿ ಹಚ್ಚಿದ್ಲು, ಉಸಿರು ತಗೊಂಡ್ಲು...

ಟೀವಿ ಕರ್ರಗಾತು.

"ಕರೆಂಟ್ ಹೋತೇನ ಬೇ?" ಅಂದ್ಲು ಶೇವಂತೆವ್ವ. ಎಲ್ಲಾರೂ ಮ್ಯಾಲ ನೋಡಿದ್ರು. ಫ್ಯಾನ್ ತಿರುಗಾಕತ್ತಿತ್ತು. ಟೀವ್ಯಾಗ ಹೆಸರು ಏರಾಕತ್ತಿದ್ವು. ಮುಗದಿತ್ತು.

ನಮ್ಮ ಆಯಿನೇ ಮೊದಲ ಜಿಗದು ಎದ್ಲು. "ಗೆದ್ರಿ ಬಾಯಾರ! ನೌಕಿ ಈ ಕಡೆ ಬರಾಕತ್ತೈತಿ, ಮಗಳು ಓ ಅಂದಾಳ, ಇನ್ನೇನ ಬೇಕ್ರಿ? ಬಂದಂಗೇ ಆತು!"

"ನಾ ಏನಂದಿದ್ದೆ ಲಕ್ಕವ್ವ? ಹೊಚ್ಚಲಾ ಮುಟ್ಟಬೇಕು ಅಂದಿದ್ದೆ. ಮುಟ್ಟಿಲ್ಲ."

"ಹೊಚ್ಚಲಾ ಇನ್ನೆಷ್ಟು ದೂರ ಐತ್ರಿ? ಮಾರಿ ತಿರುಗಿಸಿದ್ದು ಲೆಕ್ಕಕ್ಕಿಲ್ಲೇನು?"

"ಸೋತೆ ಅಂದ್ರ ಸೋತೆ. ಆಣಿ ಇಟ್ಟಾಕಿ ನಾನು, ನೀ ಯಾಕ ವಕೀಲಿ ಮಾಡ್ತಿ?" ಅಂತ ಆ ಮಣಿ ಎತ್ತಿ ನಮ್ಮ ಆಯಿ ಮುಂದ ಇಟ್ಟೇ ಬಿಟ್ಲು.

ಯಾರೂ ಏಳಲಿಲ್ಲ. ಹ್ಯಾಂಗ ಏಳತಾರ? ಅಲ್ಲಿ ತಾರಾ ಬಾಯಿ ತಗದು ನಿಂತಾಳ, ಇಲ್ಲಿ ಇವರು ಎದ್ದು ದೀಪಾ ಹಚ್ಚಾಕ ಹೋಗೂದಾ? ಎಲ್ಲಾರೂ ಅಂಬುಆಯಿ ಮಾರಿ ನೋಡಿದ್ರು. ಆಕಿ ತಲಿ ಅಲ್ಲಾಡಿಸಿದ್ಲು. ನಮ್ಮ ಆಯಿ ಮಣಿ ನೋಡಿದ್ಲು, "ನನಗ ಓದಾಕ ಬರಂಗಿಲ್ಲ ಬಿಡ್ರಿ" ಅಂದ್ಲು.

"ಓದೂದೇನದ? ಪುಸ್ತಕ ಎಲ್ಲಿ ಅದ ಇದಕ್ಕ?" ಅಂದ್ಲು ಅಂಬುಆಯಿ.

ನಮ್ಮ ಆಯಿ ಮಣಿ ತುದಿಗಿ, ಬೀಗರ ಮನ್ಯಾಗ ಕುಂದರ್ತಾರಲ್ಲ ಹಂಗ, ಅರ್ಧ ಕುಂತ್ಲು. ಕೆಮ್ಮಿದ್ಲು. "ತಾರಾ ಅಂದ್ಲು... ನಾನೇ ಬೇ, ನಿಮ್ಮವ್ವ. ಚಾಕ್ಕ ನೀರು ಇಡು, ಬಂದೇ ಬಿಟ್ಟೆ!"

ಪಡಸಾಲಿ ಹಾರಿ ಹೋಗೂವಂಗ ನಕ್ರು! ಆಮ್ಯಾಲ ಆಯಿಗಿ ಹುರುಪು ಬಂತು ನೋಡು, ನೌಕಿ ತಂದು ಸಾಲೋಟಗಿ ರೋಡಿನ ಬಾಜೂಕ ನಿಂಬಿ ತ್ವಾಟದಾಗ ಇಳಿಸಿದ್ಲು. ಗಿಡದ ಮಾಲಕ ಬೈಕೋತ ಓಡಿ ಬಂದ. ತಾರಾ ಅವನಿಗಿ "ತಪ್ಪಾತೋ ಯಪ್ಪಾ" ಅಂದ್ಲು. ಹಾದ್ಯಾಗ ಸಿಕ್ಕವರನ್ನ ಕೇಳ್ಕೋತ ಮಗಳ ಮನಿಗಿ ಬಂದ್ಲು. ಬಾಗಲದಾಗ ಒಬ್ಬಾಕಿ ಹಣ್ಣ ಹಣ್ಣ ಮುದುಕಿ ಕೋಲು ಹಿಡ್ಕೊಂಡು ನಿಂತಾಳ. ಆಕಿನೇ ಮಗಳು.

"ತಡಿ ತಡಿ ಲಕ್ಕವ್ವ" ಅಂದ್ಲು ಅಂಬುಆಯಿ. ಮುಂದ ಮುಂದ ಸರದು ನಮ್ಮ ಆಯಿ ಮಣಕಾಲಿಗಿ ಹತ್ತಿ ಕುಂತಿದ್ಲು, ಕಣ್ಣು ಇಷ್ಟಗಲ. "ಮಗಳಿಗೆ ವಯಸ್ಸು ಹೆಚ್ಚಾಗೇದ. ಆದ್ರ ತಾಯಿ ತಾಯೀನೇ. ಈಗ ಯಾರು ಯಾರಿಗೆ ನಮಸ್ಕಾರ ಮಾಡಬೇಕು?"

ಒಬ್ಬಾಕಿ ತಾಯಿಗೇ ಮಾಡಬೇಕು ಅಂದ್ಲು. ಇನ್ನೊಬ್ಬಾಕಿ, "ಹಣ್ಣ ಮುದುಕಿ ಹರೇದಾಕಿ ಕಾಲಿಗಿ ಬೀಳ್ತಾಳೇನ ಬೇ? ನೋಡಿದ ಮಂದಿ ಏನಂದಾರು?" ಅಂದ್ಲು. ಶೇವಂತೆವ್ವ ನನ್ನ ಕಡೆ ತಿರುಗಿ, "ನೀ ಕಲತಾಕಿ, ನೀ ಹೇಳ" ಅಂದ್ಲು.

ನಮ್ಮ ಆಯಿ ಕೈ ಎತ್ತಿದ್ಲು. "ಕೇಳ್ರಿಲ್ಲೆ. ತಾಯಿನೂ ಬಗ್ಗಿದ್ಲು, ಮಗಳೂ ಬಗ್ಗಿದ್ಲು, ಇಬ್ಬರದೂ ತಲಿ ಢಬ್ ಅಂತ ಬಡೀತು. ಹಣಿ ತಿಕ್ಕೋತ ಹೊಚ್ಚಲ ಮ್ಯಾಲೇ ಕುಂತ್ರು."

ಅಂಬುಆಯಿ ನಕ್ಕು ನಕ್ಕು ಕಣ್ಣಾಗಿನ ನೀರು ಸೆರಗಿಲೆ ಒರಸ್ಕೊಂಡ್ಲು. ಗುಡಿಯಾಗ ಈಗ ಮಾಸ್ತರು ಓದಾಕತ್ತಾರ, ಮೂಗಿನಾಗ, ಪೇಪರ ಓದಿದಂಗ. ಅಂಬುಆಯಿ ಅಲ್ಲೂ ಕೆಳಗೇ ಕುಂದರ್ತಾಳ. ಆದ್ರ ರವಿವಾರ ನಮ್ಮ ಆಯಿ ಬಾಯಾಗಿನ ಕಥಿ ಕೇಳಾಕ ನಮ್ಮ ಮನಿಗಿ ಎಲ್ಲಾರಕಿಂತ ಮೊದಲ ಬರಾಕಿ ಆಕಿನೇ. ಕಡೀ ಕಂತಿನ ಆ ದಿನಾನೂ ಕಣ್ಣು ಒರಸ್ಕೊಂಡ ಸೆರಗು ಕೆಳಗ ಬಿಡೂಕಿಂತ ಮೊದಲೇ ಆಕಿ ನಮ್ಮ ಆಯೀದು ಮಣಕಾಲಾ ಹಿಡದು ಅಲ್ಲಾಡಿಸಿ ಕೇಳಿದ್ಲು, "ಹಣೀಗೆ ಏನರೆ ಹಚ್ಚಿದ್ರೇನ? ಒಳಗ ಯಾರ್ಯಾರು ಇದ್ರು?"