ಜಾಲಿಗಿಡಕ್ಕೆ ಸುತ್ತಿದ ದಾರ

ಮೊನ್ನೆ ಸೊಸೆಯ ಬಾಣಂತನಕ್ಕೆಂದು ಶಹಾಪುರದ ಕಿರಾಣಿ ಅಂಗಡಿಯಿಂದ ಉಂಡಿಗೆ ಹಾಕುವ ಅಂಟಿನ ಪಾಕೀಟು ತರಿಸಿದೆ. ಕಾದ ತುಪ್ಪಕ್ಕೆ ಹಾಕಿದ ಕೂಡಲೇ ಹರಳುಗಳು ಚಟಪಟ ಎಂದು ಅರಳಿದವು. ನೋಡಲು ಚೆಂದವೇ ಇದ್ದವು. ವಾಸನೆ ಮಾತ್ರ ಅಷ್ಟಕ್ಕಷ್ಟೆ. ನಮ್ಮ ಜಾಲಿ ಅಂಟು ಹುರಿದರೆ ತುಪ್ಪದ ಘಮದ ಹಿಂದೆ ತೊಗಟೆಯ ಒಗರೂ ಬರಬೇಕು... ಅದು ಬರಲಿಲ್ಲ. ಪಕ್ಕದ ಮನೆಯ ಆಯಿ ನೆನಪಾದಳು.

ಆಯಿ ನಮಗೆ ಸಂಬಂಧಿಯೇನಲ್ಲ. ವನದುರ್ಗದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಓಣಿಯಲ್ಲಿ ಯಾರೇ ಹಡೆದರೂ ಉಂಡಿ ಕಟ್ಟಲು ಅಂಟು ತಂದುಕೊಡುತ್ತಿದ್ದವಳು ಆಕೆಯೇ. ಹಳ್ಳದ ದಂಡೆಯಲ್ಲಿ ತಾವಾಗಿಯೇ ಬೆಳೆದ ಹತ್ತೋ ಹನ್ನೊಂದೋ ಜಾಲಿಗಿಡಗಳಿದ್ದವು. ಬೇಸಿಗೆ ಶುರುವಾದಾಗ ಕುಡುಗೋಲಿನಿಂದ ತೊಗಟೆಯನ್ನು ಬೆರಳುದ್ದ ಕೆತ್ತಿ ಬರುವಳು. ಕೆಲವು ದಿನಗಳಲ್ಲಿ ಅಲ್ಲಿ ಅಂಟು ಒಸರಿ ಗಟ್ಟಿಯಾಗಿರುತ್ತಿತ್ತು.

ಯಾವ ಗಿಡ ಕೆತ್ತಬೇಕೆಂಬುದಕ್ಕೆ ಆಕೆಯದೇ ಒಂದು ಅಳತೆ. ಕೆತ್ತಿದ ದಿನ ಗಿಡದ ಬೊಡ್ಡೆಗೆ ಎದೆಮಟ್ಟದಲ್ಲಿ ದಾರ ಸುತ್ತಿ, ಅಷ್ಟನ್ನೇ ಕತ್ತರಿಸಿ, ಗುರುತಿಗೊಂದು ಬಟ್ಟೆಯ ಚೂರು ಕಟ್ಟಿ ತಗಡಿನ ಡಬ್ಬಿಯಲ್ಲಿಡುವಳು. ಗಿಡಕ್ಕೊಂದು ದಾರ, ದಾರಕ್ಕೊಂದು ಬಣ್ಣದ ಚೂರು. ಮುಂದಿನ ಬೇಸಿಗೆ ಅದೇ ದಾರವನ್ನು ಅದೇ ಗಿಡಕ್ಕೆ ಸುತ್ತಿ ನೋಡುವಳು. ತುದಿಗಳ ನಡುವೆ ಎರಡು ಬೆರಳು ತೆರಪು ಬಿದ್ದಿದ್ದರೆ ಗಿಡ ದಪ್ಪಗಾಗಿದೆ, ಕೆತ್ತಬಹುದು. ತುದಿಗೆ ತುದಿ ಕೂಡಿದರೆ ಕೆತ್ತುವಂತಿಲ್ಲ. ಅಂಟು ಕೊಟ್ಟ ವರ್ಷ ಗಿಡ ಅಷ್ಟಾಗಿ ಬೆಳೆಯುವುದಿಲ್ಲ, ಕಾಯಿಯೂ ಕಡಿಮೆ, ಗಾಯ ಮುಚ್ಚಿಕೊಳ್ಳುವುದರಲ್ಲೇ ಅದರ ಶಕ್ತಿ ಹೋಗುತ್ತದೆ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಮಾಸ್ತರರ ಹೆಂಡತಿ, ನಾಲ್ಕಕ್ಷರ ಬಲ್ಲವಳು ಎಂಬ ಸೊಕ್ಕು ನನಗೆ.

ಮಗಳ ಚೊಚ್ಚಲ ಹೆರಿಗೆ ಬೇಸಿಗೆಯಲ್ಲೇ ಆಯಿತು. ಹುಡುಗಿ ಬಳಲಿ ಹಣ್ಣಾಗಿದ್ದಳು. ಎದ್ದು ಕೂತರೆ ಕಣ್ಣಿಗೆ ಕತ್ತಲೆ. ಆ ವರ್ಷ ಆಯಿ ತಂದ ಅಂಟು ಒಂದು ಬೊಗಸೆಯಷ್ಟೇ. ಹಳ್ಳದ ತಿರುವಿನ ದೊಡ್ಡ ಗಿಡವನ್ನು ಆಕೆ ಮುಟ್ಟಿರಲಿಲ್ಲ. ಅದನ್ನೂ ಕೆತ್ತು ಎಂದು ನಾನು ಗಂಟುಬಿದ್ದೆ.

"ದಾರದ ತುದಿ ಕೂಡ್ಯಾವವ್ವ. ಹ್ವಾದ ವರ್ಷ ಕೊಟ್ಟು ಸೋತದ ಅದು. ನಿನ್ನ ಮಗಳಂಗ ಅದೂ ಬಾಣಂತಿನ ಅಂತ ತಿಳಕೋ. ಈ ವರ್ಷ ಬ್ಯಾಡ," ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳಿಗಿಂತ ಈಕೆಗೆ ಮುಳ್ಳಿನ ಗಿಡ ಹೆಚ್ಚಾಯಿತೇ ಅನ್ನಿಸಿತು. ಮರುದಿನ ಆಯಿ ಶಹಾಪುರದ ಸಂತೆಗೆ ಹೋದದ್ದನ್ನು ನೋಡಿಕೊಂಡು ಕೊಡಲಿ ಹಿಡಿದು ಹೊರಟೆ. ಬೆರಳುದ್ದವಲ್ಲ, ಮೊಳದುದ್ದ ಕೆತ್ತಿದೆ. ಅದೂ ಎರಡು ಕಡೆ, ಒಳಗಿನ ಬಿಳಿ ಕಟ್ಟಿಗೆ ಕಾಣುವವರೆಗೆ. ಬರುವಾಗ ಸೀರೆ ಮುಳ್ಳಿಗೆ ಸಿಕ್ಕಿತು, ಜಗ್ಗಿಕೊಂಡು ಬಂದೆ. ಮನೆಯಲ್ಲಿ ನೋಡಿದರೆ ನೇರಳೆ ಸೆರಗು ಒಂದು ಚೂರು ಹರಿದಿತ್ತು.

ಅಂಟು ಧಾರಾಳವಾಗಿ ಬಂತು. ಉಂಡಿ ಕಟ್ಟಿ ಆಯಿಗೂ ಎರಡು ಕೊಟ್ಟೆ. ಎಲ್ಲಿಯ ಅಂಟು ಎಂದು ಕೇಳಿದಳು. ಶಹಾಪುರದ ಅಂಗಡಿಯದು ಎಂದೆ. ಆಯಿ ನಿಧಾನವಾಗಿ ಅಗಿದಳು.

"ಚಲೋ ಆಗ್ಯಾವ. ಮಗಳು ಎದ್ದು ಅಡ್ಡಾಡಲಿ," ಅಂದಳು, ಅಷ್ಟೆ. ಗಿಡವನ್ನು ದನ ಕಾಯುವವರು ಯಾರೋ ಕೆತ್ತಿದ್ದಾರೆಂದು ಆಕೆ ತಿಳಿದಿರಬೇಕು ಅಂದುಕೊಂಡು ನಾನು ನಿರಾಳವಾದೆ.

ಮಗಳು ಚೇತರಿಸಿಕೊಂಡಳು, ಉಂಡಿಯಿಂದಲೋ ದಿನ ಕಳೆದದ್ದರಿಂದಲೋ ನನಗೆ ಗೊತ್ತಿಲ್ಲ. ಗಿಡ ಚೇತರಿಸಿಕೊಳ್ಳಲಿಲ್ಲ. ಮರುವರ್ಷ ಉಳಿದ ಗಿಡಗಳ ತುಂಬ ಕಾಯಿ ಜೋತಾಡಿದರೆ ಇದರಲ್ಲಿ ಅಲ್ಲೊಂದು ಇಲ್ಲೊಂದು. ಗಾಯದೊಳಗೆ ಹುಳ ಹೊಕ್ಕು ಬುಡದಲ್ಲಿ ಹಿಟ್ಟು ಉದುರತೊಡಗಿತು. ಮೂರನೆಯ ಬೇಸಿಗೆಗೆ ಒಣಗಿ ನಿಂತಿತ್ತು. ಆದರೂ ಆಯಿ ಅದಕ್ಕೆ ದಾರ ಸುತ್ತುವುದನ್ನು ಬಿಡಲಿಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಹತ್ತಿರ ಹೋಗದೆ, ತುದಿ ಕೂಡಿವೆಯೇ ಎಂದು ದೂರದಿಂದಲೇ ಕೇಳಿದೆ. ಕೂಡ್ಯಾವ ಅಂದಳು.

ಆಯಿ ತೀರಿಕೊಂಡ ಮೇಲೆ ಆಕೆಯ ಸೊಸೆ ಆ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು. ನನಗೇ ಕೊಡಬೇಕೆಂದು ಆಯಿ ಹೇಳಿದ್ದಳಂತೆ. ಮುಚ್ಚಳ ತೆಗೆದೆ. ಕೆಂಪು, ಹಸಿರು, ಹಳದಿ ಚೂರುಗಳು ಕಟ್ಟಿದ ದಾರಗಳು. ಎಲ್ಲಕ್ಕಿಂತ ಉದ್ದನೆಯದು, ಆ ದೊಡ್ಡ ಗಿಡದ್ದು, ತಳದಲ್ಲಿತ್ತು. ಅದರ ಹಳೆಯ ಗುರುತು ಬಿಚ್ಚಿ ಬೇರೆ ಚೂರು ಕಟ್ಟಿದ್ದಳು. ನನ್ನ ನೇರಳೆ ಸೆರಗಿನದು.

ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾನು ಕೊಟ್ಟ ಉಂಡಿ ತಿಂದಳು. ಓಣಿಯೆಲ್ಲ ಕೇಳುವಂತೆ ಬೈದಿದ್ದರೂ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ದಂಡೆಯಲ್ಲಿ ಐದು ಗಿಡ ಉಳಿದಿವೆ. ಈ ಬೇಸಿಗೆಯೂ ದಾರ ಸುತ್ತಿ ಬಂದೆ. ಎರಡಕ್ಕೆ ಚೆನ್ನಾಗಿಯೇ ತೆರಪು ಬಿದ್ದಿತ್ತು, ಆದರೆ ಕೆತ್ತಲು ಕೈ ಬರಲಿಲ್ಲ. ಅದಕ್ಕೇ ಈ ಪಾಕೀಟು. ಸೊಸೆ ಉಂಡಿ ತಿನ್ನುತ್ತ ಎಲ್ಲಿಯ ಅಂಟು ಎಂದು ಕೇಳಿದಳು. ಶಹಾಪುರದ ಅಂಗಡಿಯದು ಎಂದೆ. ಈ ಸಲ ಅದು ನಿಜ. ಕೇಳಬೇಕಾದವಳು ಇರಲಿಲ್ಲ.